ಹುದುಗುವ ಪೀಪಾಯಿ ಮತ್ತು ಬಾಗಿಲ ಹಿಂದಿನ ಬೆಕ್ಕು

ಮನೆಯಲ್ಲಿ ಬಿಯರ್ ಅಥವಾ ವೈನ್ ತಯಾರಿಸುವವರಲ್ಲಿ ಒಂದು ಭಯ ಬೇರೂರಿದೆ. ಪೀಪಾಯಿಯಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಅದು ನೀರಿನಂತೆ ನೆಲದ ಮೇಲೆ ನಿಂತು, ಮೂಗು ನೆಲಕ್ಕೆ ಹತ್ತಿರವಿರುವ ನಾಯಿ, ಬೆಕ್ಕುಗಳ ಉಸಿರು ಕಟ್ಟಿಸುತ್ತದೆ ಎಂಬುದೇ ಆ ಭಯ. ಭಾರದ ಮಾತು ನಿಜ. ನೀರಿನ ಹೋಲಿಕೆ ಮಾತ್ರ ಅರ್ಧ ಸುಳ್ಳು.

ಈ ಭಯಕ್ಕೆ ಇತಿಹಾಸವೂ ಇದೆ. ಇಟಲಿಯ ನೇಪಲ್ಸ್ ಬಳಿ 'ನಾಯಿಯ ಗುಹೆ' ಎಂದೇ ಹೆಸರಾದ ಒಂದು ಪುಟ್ಟ ಗುಹೆಯಿದೆ. ಅದರ ನೆಲದಿಂದ ಜ್ವಾಲಾಮುಖಿ ಮೂಲದ ಇದೇ ಅನಿಲ ಜಿನುಗುತ್ತದೆ. ಹಿಂದೆ ಮಾರ್ಗದರ್ಶಿಗಳು ಪ್ರವಾಸಿಗರ ಮುಂದೆ ನಾಯಿಯನ್ನು ಒಳಗೆ ಹಿಡಿದು ಮೂರ್ಛೆ ಬೀಳಿಸುತ್ತಿದ್ದರು, ಬಳಿಕ ಹೊರಗೆ ತಂದು ಎಚ್ಚರಿಸುತ್ತಿದ್ದರು. ಪಕ್ಕದಲ್ಲೇ ನಿಂತ ಮನುಷ್ಯನಿಗೆ ಏನೂ ಆಗುತ್ತಿರಲಿಲ್ಲ. ಈ ಕ್ರೂರ ಆಟ ಸಾಧ್ಯವಾದದ್ದು ಅನಿಲ ಎಡೆಬಿಡದೆ ಬರುತ್ತಿದ್ದುದರಿಂದ ಮತ್ತು ಗುಹೆಯೊಳಗೆ ಗಾಳಿ ಆಡದೇ ಇದ್ದುದರಿಂದ.

ವಾಸದ ಕೋಣೆ ಗುಹೆಯಲ್ಲ. ಅನಿಲಗಳು ತೂಕದ ಪ್ರಕಾರ ಪದರ ಪದರವಾಗಿ ಕೂರುವಂತಿದ್ದರೆ, ನಾವು ಉಸಿರಾಡುವ ಗಾಳಿಯಲ್ಲೇ ಭಾರವಾದ ಆರ್ಗಾನ್ ತಳದಲ್ಲಿಯೂ ಅದರ ಮೇಲೆ ಆಮ್ಲಜನಕವೂ ಎಲ್ಲಕ್ಕಿಂತ ಮೇಲೆ ಸಾರಜನಕವೂ ಇರಬೇಕಾಗಿತ್ತು. ಹಾಗಾಗುವುದಿಲ್ಲ, ಏಕೆಂದರೆ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಎಲ್ಲ ದಿಕ್ಕಿಗೂ ಚದುರುತ್ತವೆ. ಸಕ್ಕರೆ ನೀರಿಗಿಂತ ಭಾರವೇ ಆದರೂ ಒಮ್ಮೆ ಕಲಕಿ ಕರಗಿಸಿದ ಸಕ್ಕರೆ ಮತ್ತೆ ತಳಕ್ಕಿಳಿದು ಕೂರುವುದಿಲ್ಲವಷ್ಟೆ. ಸಂತೆಗೆ ಬಂದವರು ಎತ್ತರದ ಪ್ರಕಾರ ಸಾಲುಗಟ್ಟಿ ನಿಲ್ಲುವುದಿಲ್ಲ. ಕೋಣೆಯಲ್ಲಿ ಕಲಕುವ ಚಮಚಗಳಿಗೂ ಕೊರತೆಯಿಲ್ಲ: ಬಾಗಿಲು ತೆರೆಯುವುದು, ಜನರ ಓಡಾಟ, ಮಲಗಿರುವ ನಾಯಿಯ ಮೈಬಿಸಿಯಿಂದ ಮೇಲೇಳುವ ಗಾಳಿ ಕೂಡ.

ಪ್ರಮಾಣವನ್ನೂ ನೋಡಬೇಕು. ಶೇ. 5ರಷ್ಟು ಆಲ್ಕೋಹಾಲ್ ಇರುವ 20 ಲೀಟರ್ ಬಿಯರ್ ಹುದುಗುವಾಗ ಸುಮಾರು ಮುಕ್ಕಾಲು ಕಿಲೋ, ಅಂದರೆ 400 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾಬರಿ ಹುಟ್ಟಿಸುವ ಈ ಅಂಕಿ, ಒಬ್ಬ ವಯಸ್ಕ ವ್ಯಕ್ತಿ ಒಂದು ದಿನದಲ್ಲಿ ಉಸಿರಿನೊಂದಿಗೆ ಹೊರಬಿಡುವುದಕ್ಕಿಂತ ಹೆಚ್ಚೇನಲ್ಲ! ಪೀಪಾಯಿ ಅದನ್ನು ಹಲವು ದಿನಗಳಲ್ಲಿ ಬಿಡುತ್ತದೆ. ಹಾಗಾದರೆ ಗಾಳಿಯಾಡುವ ಕೋಣೆಯಲ್ಲಿ ನಾಯಿಗೆ ಪೀಪಾಯಿಗಿಂತ ಯಜಮಾನನೇ ದೊಡ್ಡ ಅನಿಲಮೂಲ.

ಕಥೆ ಬದಲಾಗುವುದು ಮುಚ್ಚಿದ ಕಪಾಟಿನಲ್ಲಿ. ಯೀಸ್ಟ್ ಉಕ್ಕಿ ಕೆಲಸ ಮಾಡುವ ಮೊದಲ ದಿನಗಳಲ್ಲಿ ಗಂಟೆಗೆ 5 ಲೀಟರ್ ಅನಿಲ ಬಂದರೆ, ಒಂದು ಘನ ಮೀಟರಿನ ಬಿಗಿ ಕಪಾಟಿನಲ್ಲಿ ಎಂಟು ಗಂಟೆಗಳಲ್ಲಿ ಅದು ಶೇ. 4ಕ್ಕೆ ಏರುತ್ತದೆ. ಮನುಷ್ಯರ ಕೆಲಸದ ಸ್ಥಳಗಳಲ್ಲಿ ಜೀವಕ್ಕೆ ಕೂಡಲೇ ಅಪಾಯವೆಂದು ಪರಿಗಣಿಸುವ ಮಟ್ಟ ಇದೇ; ಹೊರಗಿನ ಗಾಳಿಯಲ್ಲಿರುವುದು ಸುಮಾರು ಶೇ. 0.04 ಮಾತ್ರ. ಹುದುಗುವಿಕೆ ಶಾಖವನ್ನೂ ಬಿಡುತ್ತದೆ, ಬೆಕ್ಕಿಗೆ ಬೆಚ್ಚಗಿನ ಮೂಲೆ ಬೇಕು. ಅದು ನುಸುಳಿದ್ದನ್ನು ಗಮನಿಸದೆ ಯಾರೋ ಬಾಗಿಲು ಹಾಕಿದರೆ ಆಗುವ ಅನಾಹುತವೇ ನಿಜವಾಗಿ ಹೆದರಬೇಕಾದದ್ದು. ರಕ್ತದಲ್ಲಿ ಈ ಅನಿಲ ಏರಿದೊಡನೆ ಮಿದುಳು ಉಸಿರಾಟವನ್ನು ಚುರುಕುಗೊಳಿಸುತ್ತದೆ, ಪ್ರಾಣಿಯೂ ಹೊರಬರಲು ಚಡಪಡಿಸುತ್ತದೆ. ಮುಚ್ಚಿದ ಬಾಗಿಲ ಮುಂದೆ ಆ ಎಚ್ಚರಿಕೆ ವ್ಯರ್ಥ.

1767ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಯರ್ ತಯಾರಿಕೆಯ ಮನೆಯೊಂದರ ಪಕ್ಕದಲ್ಲಿ ವಾಸವಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಯ ಮೇಲೆ ಹಿಡಿದ ಬೆಂಕಿ ಆರುವುದನ್ನು ಕಂಡಿದ್ದ. ಅಂದಿನಿಂದ ಮೇಣದಬತ್ತಿಯ ಪರೀಕ್ಷೆಯನ್ನು ನಂಬುವವರಿದ್ದಾರೆ. ಆದರೆ ಬತ್ತಿ ಆರುವ ಹೊತ್ತಿಗೆ ಪ್ರಮಾಣ ಶೇ. 4ನ್ನು ಎಂದೋ ದಾಟಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದ್ದರೂ ಉಪಯೋಗವಿಲ್ಲ, ಅದು ಗುರುತಿಸುವುದು ಬೇರೆಯೇ ಅನಿಲವನ್ನು. ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಇಡುತ್ತಿದ್ದುದೂ ಮುಖ್ಯವಾಗಿ ಆ ಬೇರೆ ಅನಿಲಕ್ಕಾಗಿಯೇ.

ಬೇಕಾದದ್ದು ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಮಾಪಕ, ಅದೂ ಪ್ರಾಣಿ ಮಲಗುವ ಎತ್ತರದಲ್ಲಿ. ಕಪಾಟಿನಲ್ಲೇ ಹುದುಗಿಸಬೇಕೆಂದರೆ, ಅನಿಲವನ್ನು ಹೊರಬಿಟ್ಟು ಗಾಳಿ ಒಳಬರದಂತೆ ತಡೆಯಲು ಪೀಪಾಯಿಯ ಬಾಯಿಗೆ ಹಾಕುವ ಏರ್‌ಲಾಕಿನಿಂದ ಕೊಳವೆಯೊಂದನ್ನು ಕಿಟಕಿಯಾಚೆ ಹಾಯಿಸಬಹುದು. ಪೀಪಾಯಿಯ ಬಾಯಿಯನ್ನೇ ಬಿಗಿದುಬಿಡುವುದು ಮಾತ್ರ ಸಲ್ಲ, ಒತ್ತಡಕ್ಕೆ ಅದು ಸಿಡಿಯುತ್ತದೆ. ಮೇಲಿನಿಂದ ಮುಚ್ಚಳ ತೆರೆಯುವ ಫ್ರೀಜರ್ ಪೆಟ್ಟಿಗೆಯಲ್ಲಿ ಹುದುಗಿಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ಅಲ್ಲಿ ನಾಲ್ಕೂ ಕಡೆ ಗೋಡೆ, ಒಳಗೆ ತಣ್ಣಗಿನ ನಿಶ್ಚಲ ಗಾಳಿ. ಮುಚ್ಚಳ ತೆರೆದ ಮೇಲೂ ಭಾರದ ಅನಿಲ ಬಟ್ಟಲಲ್ಲಿದ್ದಂತೆ ಉಳಿಯುತ್ತದೆ. ನೀರಿನ ಹೋಲಿಕೆ ಪೂರ್ತಿ ಒಪ್ಪುವುದು ಇಲ್ಲಿಯೇ.