ದೇವದೂತರಿಗೆ ಸ್ವಂತ ಬುದ್ಧಿ ಬಂದ ಕಥೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗಿರ್ಮಿಟ್ ತಿನ್ನುತ್ತಾ ನಾವು ಗೆಳೆಯರು ಎಷ್ಟೋ ಸಂಜೆ ಆಡಿದ ಜಗಳ ಇದು. ‘ಸೂಪರ್‌ನ್ಯಾಚುರಲ್’ ಎಂಬ ಅಮೆರಿಕನ್ ಸೀರಿಯಲ್‌ನ ದೇವದೂತ ಕ್ಯಾಸ್ಟಿಯಲ್ ನಿಜಕ್ಕೂ ಸ್ವತಂತ್ರನಾದನಾ, ಇಲ್ಲಾ ಸುಮ್ನೆ ಯಜಮಾನನನ್ನು ಬದಲಾಯಿಸಿಕೊಂಡನಾ? ಸೀರಿಯಲ್ 2020ರಲ್ಲೇ ಮುಗಿಯಿತು, ಜಗಳ ಮುಗಿದಿಲ್ಲ. 15 ಸೀಸನ್, 327 ಕಂತು. ನಡುವೆ ಬಂದು ಕೂತವರಿಗೆ ಯಾರು ಯಾರ ಮಾತು ಕೇಳುತ್ತಿದ್ದಾರೆ ಅನ್ನೋದೇ ತಿಳಿಯುವುದಿಲ್ಲ. ಅದಕ್ಕೇ ಬುಡದಿಂದ ಹೇಳುತ್ತೇನೆ.

ಪ್ರಶ್ನೆ ಸೀರಿಯಲ್‌ಗಿಂತ ಬಹಳ ಹಳೆಯದು. ಹೀಬ್ರೂ, ಗ್ರೀಕ್ ಎರಡರಲ್ಲೂ ದೇವದೂತನಿಗಿರುವ ಪದದ ಅರ್ಥ ಸುದ್ದಿ ತರುವವನು ಅಂತಲೇ. ಕನ್ನಡದ ‘ದೂತ’ನೂ ಅವನೇ. ಸುದ್ದಿ ಮುಟ್ಟಿಸಬೇಕು, ಅದು ಸರಿಯೋ ತಪ್ಪೋ ಅಂತ ತೂಗಬಾರದು. ಹಾಗಾದರೆ ಲೂಸಿಫರ್, ಅಂದರೆ ಸೈತಾನನಾದ ದೇವದೂತ, ದೇವರಿಗೆ ತಿರುಗಿಬಿದ್ದದ್ದು ಹೇಗೆ? 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಪ್ರಕಾರ ದೇವದೂತರಿಗೂ ಆಯ್ಕೆ ಇದೆ, ಆದರೆ ಒಂದು ಸಲ ಆರಿಸಿಕೊಂಡರೆ ಮತ್ತೆ ಬದಲಿಸುವಂತಿಲ್ಲ. ಇಸ್ಲಾಮಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಬೇರೆ. ಫರಿಷ್ತೆಗಳು, ಅಂದರೆ ದೇವದೂತರು, ಅಪ್ಪಣೆ ಮೀರುವುದೇ ಇಲ್ಲ, ಮೀರಿದ ಇಬ್ಲೀಸ್ (ಅಲ್ಲಿಯ ಸೈತಾನ) ಜಿನ್ನರ ಪೈಕಿ. ನಮ್ಮ ಗಿರ್ಮಿಟ್ ಟೇಬಲ್ಲಿನಲ್ಲೇ ಯಾರ ಮನೆಯಿಂದ ಬಂದವರು ಅನ್ನೋದರ ಮೇಲೆ ಉತ್ತರ ಬದಲಾಗುತ್ತಿತ್ತು.

ಎರಿಕ್ ಕ್ರಿಪ್ಕೆ ಈ ಸೀರಿಯಲ್ ಶುರು ಮಾಡಿದ್ದು 2005ರಲ್ಲಿ. ಸ್ಯಾಮ್, ಡೀನ್ ಅಂತ ಇಬ್ಬರು ಅಣ್ಣತಮ್ಮಂದಿರು, ಒಂದು ಕರಿ ಕಾರು, ಊರೂರು ತಿರುಗಿ ದೆವ್ವ ಬೇಟೆ. ಮೂರು ಸೀಸನ್ ಹೀಗೇ ಹೋಯಿತು.

2008ರ ಸೆಪ್ಟೆಂಬರಿನಲ್ಲಿ, ನಾಲ್ಕನೇ ಸೀಸನ್‌ನ ಮೊದಲ ಕಂತಿನಲ್ಲಿ ಕ್ಯಾಸ್ಟಿಯಲ್ ಬಂದ. ಬಲ್ಬುಗಳು ಪಟಪಟ ಒಡೆಯುತ್ತವೆ. ಮಾಸಲು ಬಣ್ಣದ ಉದ್ದ ಕೋಟಿನವನೊಬ್ಬ ಕೊಟ್ಟಿಗೆಯೊಳಗೆ ನಡೆದು ಬರುತ್ತಾನೆ. ಡೀನ್ ಅವನ ಎದೆಗೇ ಚಾಕು ಹಾಕುತ್ತಾನೆ. ಅವನು ಅದನ್ನು ಕಿತ್ತು ಕೆಳಗೆ ಬಿಡುತ್ತಾನೆ. ಮಿಂಚು ಹೊಡೆದಾಗ ಹಿಂದಿನ ಗೋಡೆಯ ಮೇಲೆ ರೆಕ್ಕೆಯ ನೆರಳು. ರಜೆಗೆ ಹಾವೇರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡುತ್ತಿದ್ದೆ. ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದ ನಮ್ಮ ಆಯಿ ಕೇಳಿದಳು: “ತಮ್ಮಾ, ಇವಾ ದೇವರ ಕಡಿಯಾಂವೋ, ಕಂಪನಿ ಏಜೆಂಟೋ?”

ತಮಾಷೆ ಅಂದರೆ ಎರಡೂ ಹೌದು. ಈ ಸ್ವರ್ಗ ನಡೆಯುವುದೇ ಆಫೀಸಿನ ಹಾಗೆ. ಎಲ್ಲದಕ್ಕೂ ‘ಮೇಲಿಂದ ಆರ್ಡರ್ ಬಂದಿದೆ’. ಆ ಮೇಲಿನವನನ್ನು ಕಂಡವರು ಎಷ್ಟು ಮಂದಿ? ನಾಲ್ಕೇ ಜನ. ಇದನ್ನು ಹೇಳುವವಳು ಆನಾ, ಕೆಳಗಿಳಿದು ಮನುಷ್ಯಳಾಗಿ ಹುಟ್ಟಿದ ದೇವದೂತೆ. ಉಳಿದವರೆಲ್ಲ ನೋಡದೇ ನಂಬಿದವರು. ನನಗೆ ಗಂಟು ಬಿದ್ದಿರುವುದು ಇಲ್ಲೇ ಅನಿಸುತ್ತದೆ. ಅವರೆಲ್ಲ ಮಾತು ಕೇಳುವವರು ಅನ್ನೋದು ದೊಡ್ಡ ವಿಷಯವಲ್ಲ. ಮಾತು ಎಲ್ಲಿಂದ ಹೊರಟಿತು ಅಂತ ಯಾರೂ ಕೇಳಲಿಲ್ಲ ಅನ್ನೋದು ದೊಡ್ಡದು.

ಅದೇ ಸೀಸನ್‌ನ ಏಳನೇ ಕಂತು ನೋಡಿ. ಒಂದು ಅನಾಹುತ ತಡೆಯಲು ಇಡೀ ಊರನ್ನೇ ಅಳಿಸಿಬಿಡುತ್ತೇವೆ ಅಂತ ದೇವದೂತರು ಬರುತ್ತಾರೆ. ಡೀನ್ ಬೇಡ ಅಂತ ಅಡ್ಡ ನಿಲ್ಲುತ್ತಾನೆ. ಕೊನೆಗೆ ಗೊತ್ತಾಗುವುದೇ ಬೇರೆ. ಬಂದಿದ್ದ ಆರ್ಡರ್ ‘ಡೀನ್ ಹೇಳಿದ ಹಾಗೆ ಮಾಡಿ’ ಅಂತ! ಪಾರ್ಕಿನ ಬೆಂಚಿನ ಮೇಲೆ ಕೂತು, ಆಡುವ ಮಕ್ಕಳನ್ನು ನೋಡುತ್ತಾ, ಕ್ಯಾಸ್ಟಿಯಲ್ ತನಗೂ ಅನುಮಾನಗಳಿವೆ ಅಂತ ಒಪ್ಪಿಕೊಳ್ಳುತ್ತಾನೆ. ನಾನು ಕಂಡ ಹಾಗೆ ಅವನ ದಂಗೆ ಶುರುವಾಗಿದ್ದು ಆ ಬೆಂಚಿನಿಂದ. ಅನುಮಾನಕ್ಕೆ ಶಿಕ್ಷೆಯೂ ಆಗುತ್ತದೆ. ಒಮ್ಮೆ ಸ್ವರ್ಗಕ್ಕೆ ಎಳೆದೊಯ್ಯುತ್ತಾರೆ, ವಾಪಸ್ ಬಂದವನು ತಾನು ಮನುಷ್ಯರ ಸೇವಕನಲ್ಲ ಅಂತ ಒಣಗಿದ ದನಿಯಲ್ಲಿ ಹೇಳುತ್ತಾನೆ.

ಇನ್ನೊಂದು ವಿಚಿತ್ರ. ಸ್ವಂತ ಇಷ್ಟ ಇರಬಾರದ ಈ ದೂತರು ಮನುಷ್ಯನ ಮೈ ಹೊಕ್ಕಬೇಕಾದರೆ ಆ ಮನುಷ್ಯ ‘ಹೂಂ’ ಅನ್ನಲೇಬೇಕು. ಬಲವಂತ ನಡೆಯುವುದಿಲ್ಲ. ಕ್ಯಾಸ್ಟಿಯಲ್‌ಗೆ ಮೈ ಕೊಟ್ಟ ಮನುಷ್ಯ ಜಿಮ್ಮಿ ನೋವಾಕ್, ಮಗಳನ್ನು ಉಳಿಸಲು ಎರಡನೇ ಸಲ ‘ಹೂಂ’ ಅಂದ. ಅದನ್ನು ಒಪ್ಪಿಗೆ ಅನ್ನೋಣವಾ? ನನಗಂತೂ ಕಷ್ಟ.

ಐದನೇ ಸೀಸನ್‌ನ ಕೊನೆಗೆ ಸ್ಮಶಾನದಲ್ಲಿ ಲೂಸಿಫರ್, ಅವನ ಅಣ್ಣ ದೇವದೂತ ಮೈಕೆಲ್ ಕಾದಾಡಲು ಎದುರಾಗುತ್ತಾರೆ. ಈ ಆಟ ಬಿಟ್ಟು ಹೋಗೋಣ ಅನ್ನುವವನು ಲೂಸಿಫರ್. ತಾನು ಒಳ್ಳೇ ಮಗ, ಅಪ್ಪನ (ಅಂದರೆ ದೇವರ) ಅಪ್ಪಣೆ ಇದೆ ಅನ್ನುವವನು ಮೈಕೆಲ್. ಅಲ್ಲಿ ಮರುಕ ಹುಟ್ಟುವುದು ತಪ್ಪು ಪಕ್ಷದವನ ಮೇಲೆ, ಅಲ್ವಾ?

ಕ್ರಿಪ್ಕೆ ಅಲ್ಲಿಗೆ ಚುಕ್ಕಾಣಿ ಬಿಟ್ಟರು. ಮುಂದಿನ ಹತ್ತು ಸೀಸನ್ ಬೇಗ ಹೇಳಿಬಿಡುತ್ತೇನೆ: ಕ್ಯಾಸ್ಟಿಯಲ್ ಬೇರೆ ದೂತರಿಗೆ ಸ್ವಾತಂತ್ರ್ಯ ಕಲಿಸಲು ಹೋಗಿ ಸೋತ, ತಾನೇ ದೇವರು ಅಂದ, ನವೋಮಿ ಎಂಬ ಮೇಲಧಿಕಾರಿಯ ಕೈಗೊಂಬೆಯಾದ, ಬಿಡಿಸಿಕೊಂಡ. ಆಮೇಲೆ ದೂತರೆಲ್ಲ ಸ್ವರ್ಗದಿಂದ ಉದುರಿದರು. ಕೆಳಗೆ ಬಿದ್ದ ಕೂಡಲೇ ಅವರು ಮಾಡಿದ ಮೊದಲ ಕೆಲಸ? ಹೊಸ ನಾಯಕರನ್ನು ಹುಡುಕಿಕೊಂಡದ್ದು.

ಆಯಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಜಯ-ವಿಜಯರು ನೆನಪಾದರು. “ನಮ್ಮಲ್ಲಿ ಉಲ್ಟಾ ನೋಡಪಾ. ಬಾಗಲಾ ಕಾಯಿ ಅಂದ್ರು, ಕಾಯ್ದ್ರು. ಕಾಯ್ದಿದ್ದಕ್ಕ ಶಾಪ ತಿಂದ್ರು.” ಏಳು ಜನ್ಮ ಭಕ್ತರಾಗಿಯೋ, ಮೂರು ಜನ್ಮ ವೈರಿಗಳಾಗಿಯೋ ಅಂತ ಕೇಳಿದಾಗ ಬೇಗ ವಾಪಸ್ ಬರಲಿಕ್ಕೆ ವೈರಿಗಳಾಗಿ ಹುಟ್ಟಿದರಂತೆ. ಅಜಾಮಿಳನ ಕಥೆಯ ಯಮದೂತರಂತೂ ಬರಿಗೈಲಿ ವಾಪಸ್ ಹೋಗಿ ಯಮನನ್ನೇ ಕೇಳುತ್ತಾರೆ, ಈ ಲೋಕಕ್ಕೆ ಒಡೆಯರು ಎಷ್ಟು ಜನ ಅಂತ. ಯಮ ಸಿಟ್ಟಾಗದೇ ಕೂತು ಉತ್ತರ ಹೇಳುತ್ತಾನೆ.

“ನಿಮ್ಮ ಸೀರಿಯಲ್‌ದಾಗ ಆ ದೊಡ್ಡ ಸಾಹೇಬ ಯಾವಾಗ ಬರ್ತಾನ?” ಅಂದಳು ಆಯಿ.

ನಾಲ್ಕನೇ ಸೀಸನ್ನಿಂದಲೇ ಇದ್ದಾನೆ, ಮನೆಯಲ್ಲಿ ಕೂತು ಕಾದಂಬರಿ ಬರೆಯುತ್ತಾನೆ, ಆದರೆ ಅವನೇ ದೇವರು ಅಂತ ಖಾತ್ರಿ ಆಗೋದು ಹನ್ನೊಂದನೇ ಸೀಸನ್‌ನಲ್ಲಿ ಅಂದೆ.

“ಅಲ್ಲೀತನಾ ಯಾರು ಕುಂದರ್ತಾರ,” ಅಂತ ಶೇಂಗಾ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.