ದುಂಡಗಿದ್ದದ್ದೆಲ್ಲ ಜಂಕಸ್ ಅಲ್ಲ

ಹೋದ ವಾರ ಕೊಂಡಜ್ಜಿ ಕೆರೆಯ ಅಂಚಿನಿಂದ ಒಂದು ಗಿಡ ಕಿತ್ತು ತಂದು ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ‘ಜಂಕಸ್’ (ಜವುಗಿನಲ್ಲಿ ಬೆಳೆಯುವ, ಹುಲ್ಲಿನಂತೆ ಕಾಣುವ ಗಿಡ) ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಕಾಂಡ ದುಂಡಗಿತ್ತು, ಎಲೆ ಇರಲಿಲ್ಲ, ಹೂಗೊಂಚಲು ಕಾಂಡದ ಪಕ್ಕದಿಂದ ಚಿಗಿತಂತೆ ಕಾಣುತ್ತಿತ್ತು. ಪುಸ್ತಕದ ಚಿತ್ರವೂ ಥೇಟ್ ಹಾಗೇ. ಮೇಡಂ ಅದರ ಸುತ್ತ ಕೆಂಪು ಶಾಯಿ ಎಳೆದು ‘ಹೂವು ಬಿಡಿಸಿ ನೋಡಿದೆಯಾ?’ ಎಂದಷ್ಟೇ ಬರೆದರು. ನೋಡಿರಲಿಲ್ಲ. ನಾಡಿದ್ದು ಪ್ರಾಕ್ಟಿಕಲ್ ಇದೆ, ಅಷ್ಟರೊಳಗೆ ಇದು ತಲೆಯಲ್ಲಿ ಕೂರಲಿ ಅಂತ ಬರೆಯುತ್ತಿದ್ದೇನೆ.

ಕೆರೆ ಹತ್ತಿರ ದನ ಬಿಟ್ಟುಕೊಂಡಿದ್ದ ಅಜ್ಜನನ್ನು ಇದಕ್ಕೇನಂತೀರಿ ಅಂತ ಕೇಳಿದ್ದೆ. “ಎಲ್ಲಾ ಜೊಂಡೇ ಬಿಡವ್ವ. ದನ ತಿಂದ್ರೆ ಹುಲ್ಲು, ತಿನ್ನದಿದ್ರೆ ಜೊಂಡು.” ಅಜ್ಜನಿಗೆ ಇಷ್ಟು ಸಾಕು, ನಮಗೆ ಸಾಲದು.

ಪೋಏಲ್ಸ್ ಗಣದಲ್ಲಿ ನಮ್ಮನ್ನು ಸತಾಯಿಸುವ ಕುಟುಂಬಗಳು ಮೂರು: ಹುಲ್ಲಿನ ಪೋಏಸಿ, ಜೇಕಿನ ಸೈಪರೇಸಿ, ಜಂಕಸ್‌ನ ಜಂಕೇಸಿ. ಹುಲ್ಲು ಸುಲಭ, ಕಾಂಡದಲ್ಲಿ ಗಂಟು, ಗಂಟಿನ ನಡುವೆ ಸಾಮಾನ್ಯವಾಗಿ ಪೊಳ್ಳು. ಆಪು, ಅಂದರೆ ಟೈಫಾ, ಇನ್ನೂ ಸುಲಭ. ಕಂದು ಬಣ್ಣದ ಉರುಳೆ ಕಂಡರೆ ಮುಗಿಯಿತು (ಹೆಣ್ಣು ಹೂವು ಕೆಳಗೆ, ಗಂಡು ಹೂವು ಮೇಲೆ). ಕಷ್ಟ ಇರುವುದು ಜೇಕು ಮತ್ತು ಜಂಕಸ್ ನಡುವೆ.

ಭದ್ರಾ ನಾಲೆಯ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಜೇಕು ಹೇಳಿಕೊಡಬೇಕಾಗಿಲ್ಲ. ಕಾಂಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿದರೆ ಕಟಕಟ ಅಂತ ಮೂರು ಏಣು ತಾಗುತ್ತವೆ. ಸರಾಗವಾಗಿ ಉರುಳಿದರೆ ಜಂಕಸ್ ಅನ್ನುವುದು ನನ್ನ ಮೆಚ್ಚಿನ ಉಪಾಯವಾಗಿತ್ತು. ಕೈಕೊಟ್ಟದ್ದೂ ಅದೇ. ಏಣು ಸಿಕ್ಕರೆ ‘ಜೇಕಿನ ಕುಟುಂಬ’ ಅಂತ ಧೈರ್ಯವಾಗಿ ಬರೆಯಬಹುದು, ಆದರೆ ಏಣು ಸಿಗದಿದ್ದರೆ ಏನನ್ನೂ ಬರೆಯುವಂತಿಲ್ಲ. ಜೇಕಿನ ಕುಟುಂಬದಲ್ಲೇ ದುಂಡು ಕಾಂಡದವು ಬೇಕಾದಷ್ಟಿವೆ. ನಾನು ತಂದದ್ದು ಅಂಥದ್ದೇ, ಶೀನೋಪ್ಲೆಕ್ಟಿಯೆಲ್ಲಾ ಆರ್ಟಿಕ್ಯುಲೇಟಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಸ್ಕಿರ್ಪಸ್ ಆರ್ಟಿಕ್ಯುಲೇಟಸ್, ಹಳೇ ಪುಸ್ತಕಗಳಲ್ಲಿ ಅದೇ ಸಿಗುತ್ತದೆ. ಅದರ ಕಾಂಡವನ್ನು ಬೆಳಕಿಗೆ ಹಿಡಿದರೆ ಒಳಗೆ ಏಣಿಯ ಮೆಟ್ಟಿಲಿನಂತೆ ಅಡ್ಡಗೋಡೆಗಳು ಕಾಣುತ್ತವೆ, ಒತ್ತಿದರೆ ಟಪ್ ಟಪ್ ಅನ್ನುತ್ತವೆ.

ಈಗ ಎರಡು ದಿನ ತಲೆ ತಿಂದ ವಿಷಯ. ಜಂಕಸ್‌ನ ಒಂದು ಜಾತಿಯಾದ ಜಂಕಸ್ ಎಫ್ಯೂಸಸ್‌ನಲ್ಲೂ ಈ ಶೀನೋಪ್ಲೆಕ್ಟಿಯೆಲ್ಲಾದಲ್ಲೂ ಹೂವು ‘ಪಕ್ಕದಲ್ಲಿ’ ಬಂದಂತೆ ಕಾಣುತ್ತದೆಯಲ್ಲ, ಅದು ಪಕ್ಕವೇ ಅಲ್ಲ, ತುದಿ! ಕಾಂಡ ಮುಗಿಯುವುದೇ ಹೂಗೊಂಚಲಿನ ಜಾಗದಲ್ಲಿ. ಅದರ ಮೇಲೆ ನೆಟ್ಟಗೆ ನಿಂತಿರುವ ಹಸಿರು ಕಡ್ಡಿ ಕಾಂಡದ ಮುಂದುವರಿಕೆಯಲ್ಲ, ಬ್ರ್ಯಾಕ್ಟ್, ಅಂದರೆ ಹೂವಿನ ಬುಡದಲ್ಲಿ ಬರುವ ಎಲೆ. ಅಷ್ಟೇ ದುಂಡಗೆ, ಅದೇ ಹಸಿರು, ಅದೇ ನೇರ. ನಂಬಲು ನನಗೆ ಆಗಲೇ ಇಲ್ಲ. ಕೊನೆಗೆ ಗೊತ್ತಾದದ್ದು ಗದ್ದೆಯ ಜೇಕಿನಿಂದ. ಜೇಕಿನ ಹೂವಿನ ಬುಡದಲ್ಲಿ ಎರಡು ಮೂರು ಎಲೆಯಂಥ ಬ್ರ್ಯಾಕ್ಟ್‌ಗಳು ಹರಡಿಕೊಂಡಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿ ಉಳಿದವನ್ನು ಕಿತ್ತುಹಾಕಿ. ಉಳಿದದ್ದನ್ನು ಕಾಂಡದ ನೇರಕ್ಕೆ ಎತ್ತಿ ಹಿಡಿಯಿರಿ. ಹೂವು ತಾನಾಗೇ ಒಂದು ಬದಿಗೆ ವಾಲುತ್ತದೆ, ಬಸ್ಸಿನಲ್ಲಿ ದಪ್ಪ ಆಸಾಮಿ ನೆಟ್ಟಗೆ ಕೂತರೆ ಪಕ್ಕದವರು ಅಂಚಿಗೆ ಸರಿಯುತ್ತಾರಲ್ಲ, ಹಾಗೆ. ಹೂಗೊಂಚಲು ಹುಟ್ಟಿದ್ದು ತುದಿಯಲ್ಲೇ, ಬ್ರ್ಯಾಕ್ಟ್ ಅದನ್ನು ಬದಿಗೆ ಸರಿಸಿದೆ ಅಷ್ಟೆ. ಆದ್ದರಿಂದ ರೆಕಾರ್ಡಿನಲ್ಲಿ ‘ಪಾರ್ಶ್ವ’ ಎಂದು ಬರೆಯಬೇಡಿ, ‘ಪಾರ್ಶ್ವದಂತೆ ಕಾಣುವ ತುದಿಯ ಹೂಗೊಂಚಲು’ ಎನ್ನಿ. ಆರ್ಟಿಕ್ಯುಲೇಟಾದಲ್ಲಿ ಈ ಬ್ರ್ಯಾಕ್ಟ್ ತುಂಬಾ ಉದ್ದ, ಹಾಗಾಗಿ ಹೂವಿನ ಮುದ್ದೆ ತೀರಾ ಕೆಳಗಿದ್ದಂತೆ ಕಾಣುತ್ತದೆ.

ಅಂದಮೇಲೆ ದುಂಡುತನವೂ ಸಾಕ್ಷಿಯಲ್ಲ, ಪಕ್ಕದ ಹೂವೂ ಸಾಕ್ಷಿಯಲ್ಲ. ಮಸೂರ ತೆಗೆದುಕೊಂಡು ಹೂವನ್ನೇ ಬಿಡಿಸಬೇಕು. ಜಂಕಸ್ ಹೂವು, ಬಣ್ಣವಿಲ್ಲದ ಪುಟಾಣಿ ಲಿಲ್ಲಿ ಅಂದುಕೊಳ್ಳಿ. ಒಣಕಲು ಟೆಪಲ್ (ದಳದಂಥ ಹೂವಿನೆಸಳು) ಆರು, ಮೂರರಂತೆ ಎರಡು ಸುತ್ತು. ಕೇಸರ ಎಫ್ಯೂಸಸ್‌ನಲ್ಲಿ ಸಾಮಾನ್ಯವಾಗಿ ಮೂರು, ಬೇರೆ ಎಷ್ಟೋ ಜಾತಿಗಳಲ್ಲಿ ಆರು. ಕಾಯಿ ಮೂರು ಬಿರುಕಾಗಿ ಒಡೆಯುತ್ತದೆ, ಒಳಗೆ ರಾಗಿಗಿಂತ ಎಷ್ಟೋ ಸಣ್ಣ ಬೀಜಗಳು ರಾಶಿ. ಜೇಕಿನ ಕುಟುಂಬದಲ್ಲಿ ಟೆಪಲ್ ಹುಡುಕಲೇಬೇಡಿ. ಒಂದೊಂದು ಹೂವಿಗೂ ಒಂದೊಂದು ಹೊಟ್ಟಿನಂಥ ಗ್ಲೂಮ್, ಅದರ ಸಂದಿಯಲ್ಲಿ ಒಂದೇ ಬೀಜದ ಗಟ್ಟಿ ಕಾಯಿ. ನನ್ನ ಗಿಡದ ಗ್ಲೂಮನ್ನು ಸೂಜಿಯಿಂದ ಎಬ್ಬಿಸಿದಾಗ ಮೂರು ಮೂಲೆಯ ಒಂಟಿ ಕರೀ ಕಾಳು ಉದುರಿತು. ಕೆಂಪು ಶಾಯಿಗೆ ಉತ್ತರ ಅದೇ.

ಜಂಕಸ್ ಎಫ್ಯೂಸಸ್ ತಂಪು ನಾಡಿನ ಜವುಗು ಹುಲ್ಲುಗಾವಲಿನ ಗಿಡ, ಯುರೋಪಿನಲ್ಲಿ ಧಾರಾಳ. ನಾನು ನೋಡಿದ್ದು ಒಣಗಿಸಿ ಅಂಟಿಸಿದ ಹಾಳೆಯಲ್ಲಿ ಮಾತ್ರ. ಎಲೆಗಳು ಬುಡದ ಕಂದು ಕವಚವಾಗಿಬಿಟ್ಟಿವೆ, ಗಿಡಕ್ಕೆ ಬೇಕಾದ ಅಡುಗೆ ಮಾಡುವುದು ಹಸಿರು ಕಾಂಡ. ಕಾಂಡ ಸೀಳಿದರೆ ಒಳಗೆ ಬಾಸಿಂಗದ ಬೆಂಡಿನಂಥ ಬಿಳಿ ತಿರುಳು. ಅದರ ಕೋಶಗಳು ನಕ್ಷತ್ರದಾಕಾರ, ತೋಳಿಗೆ ತೋಳು ತಾಗಿಸಿಕೊಂಡು ನಡುವೆ ಗಾಳಿಗೆ ಜಾಗ ಬಿಟ್ಟಿರುತ್ತವೆ. ಕೆಸರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಬೇರಿಗೆ ಅದು ಇಳಿಯುವುದು ಇಂಥ ಗಾಳಿಜಾಗಗಳ ಮೂಲಕ. ಇದೇ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ಬ್ರಿಟನ್ನಿನ ಬಡವರು ದೀಪ ಹಚ್ಚುತ್ತಿದ್ದರು. ಜಪಾನಿನ ತತಾಮಿ ಚಾಪೆಯ ಹೊದಿಕೆ ಇದರ ಹತ್ತಿರದ ಬಳಗದ್ದು.

ಜಂಕಸ್ ಬೀಜದ ಬಗ್ಗೆ ಎರಡು ಅಂಕದ ಪ್ರಶ್ನೆ ಬರಬಹುದು: ನೆನೆದರೆ ಲೋಳೆಯಾಗಿ ಹಕ್ಕಿಕಾಲಿಗೆ ಅಂಟುತ್ತದೆ, ಮೊಳೆಯಲು ಬೆಳಕು ಬೇಕು. ಮಣ್ಣಿನಡಿ ಹೂತರೆ ವರ್ಷಗಟ್ಟಲೆ ಕಾಯುತ್ತದೆ, ಯಾರಾದರೂ ನೆಲ ಕೆದಕಿದ ದಿನ ಏಳುತ್ತದೆ.