ಎನ್.ಕೆ.: ಹಳೆಯ ಜನಗಣತಿಯಲ್ಲಿ ‘ಗೊತ್ತಿಲ್ಲ’ ಎಂದಾದ ಹುಟ್ಟೂರು

ಇಂಗ್ಲೆಂಡ್ ಮತ್ತು ವೇಲ್ಸ್‌ನ ಹತ್ತೊಂಬತ್ತನೇ ಶತಮಾನದ ಜನಗಣತಿ ಪುಸ್ತಕಗಳಲ್ಲಿ ಹುಟ್ಟೂರಿಗೆ ಅಂತಲೇ ಒಂದು ಕಾಲಂ ಇದೆ. ವಂಶದ ಬೇರು ಹುಡುಕುವವರು ಮೊದಲು ನೋಡುವುದು ಅದನ್ನೇ. ಕೆಲವು ಸಲ ಅಲ್ಲಿ ಊರಿನ ಹೆಸರು ಇರುವುದಿಲ್ಲ, ಎರಡೇ ಅಕ್ಷರ ಇರುತ್ತವೆ: ಎನ್.ಕೆ. ‘ನಾಟ್ ನೋನ್’ ಎಂಬುದರ ಚುಟುಕು ರೂಪ. ಅಂದರೆ ‘ಗೊತ್ತಿಲ್ಲ’.

ಇದನ್ನು ನೋಡಿ ಬಹಳ ಜನ ಹುಡುಕಾಟ ಕೈಬಿಡುತ್ತಾರೆ. ಕೈಬಿಡಬೇಕಾಗಿಲ್ಲ. ಯಾರಿಗೆ ಗೊತ್ತಿಲ್ಲ ಅನ್ನುವುದನ್ನು ಮೊದಲು ವಿಚಾರಿಸಬೇಕು. ತನ್ನ ಹುಟ್ಟೂರು ಆ ಮನುಷ್ಯನಿಗೇ ಗೊತ್ತಿರಲಿಲ್ಲವೋ, ಅವನ ಪರವಾಗಿ ಉತ್ತರ ಕೊಟ್ಟವರಿಗೆ ಗೊತ್ತಿರಲಿಲ್ಲವೋ? ಹೆಚ್ಚಿನ ಸಲ ಎರಡನೆಯದೇ ನಿಜ ಅಂತ ನನ್ನ ಅಭಿಪ್ರಾಯ.

ಗಣತಿ ನಡೆಯುತ್ತಿದ್ದ ರೀತಿ ತಿಳಿದರೆ ಇದು ಅರ್ಥವಾಗುತ್ತದೆ. ಮನೆಮನೆಗೆ ಒಂದು ಹಾಳೆ ಕೊಡುತ್ತಿದ್ದರು. ಮನೆಯ ಯಜಮಾನ ಅದನ್ನು ತುಂಬಬೇಕು. ಬರೆಯಲು ಬಾರದಿದ್ದರೆ ಗಣತಿದಾರನೇ ಬಾಗಿಲಲ್ಲಿ ನಿಂತು, ಕೇಳಿ ಬರೆದುಕೊಳ್ಳುತ್ತಿದ್ದ. ಆಮೇಲೆ ಎಲ್ಲ ಹಾಳೆಗಳನ್ನೂ ತನ್ನ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. 1841ರಿಂದ 1901ರವರೆಗೆ ನಮಗೆ ಸಿಗುವುದು ಬಹುಪಾಲು ಈ ನಕಲು ಮಾತ್ರ. ಮನೆಯವರೇ ತುಂಬಿದ ಹಾಳೆಗಳು ಇಡಿಯಾಗಿ ಸಿಗುವುದು 1911ರಿಂದ. ಹಾಗಾಗಿ ವಸತಿಗೃಹದಲ್ಲಿ ನಾಲ್ಕು ದಿನಕ್ಕೆ ಬಂದು ತಂಗಿದ ಕೂಲಿಯವನ ಊರನ್ನು ಹೇಳಿದವಳು ಮನೆಯೊಡತಿ. ವರ್ಕ್‌ಹೌಸ್‌ ಎಂಬ ಬಡವರ ಆಶ್ರಯ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಜೈಲಿನಲ್ಲಿ ಆ ಕೆಲಸ ಅಲ್ಲಿನ ಮೇಲ್ವಿಚಾರಕನದು. ಎನ್.ಕೆ. ಸಾಲುಸಾಲಾಗಿ ಕಾಣುವುದೂ ಇಂಥ ಕಡೆಯೇ.

ಯಾವ ವರ್ಷ ಏನು ಕೇಳಿದರು ಎಂಬುದೂ ಮುಖ್ಯ. 1841ರಲ್ಲಿ ಊರಿನ ಹೆಸರನ್ನೇ ಕೇಳಲಿಲ್ಲ. ಈಗಿರುವ ಕೌಂಟಿಯಲ್ಲೇ (ನಮ್ಮ ಜಿಲ್ಲೆಯಂಥದು) ಹುಟ್ಟಿದ್ದಾ ಎಂಬುದಕ್ಕೆ ಹೌದು ಅಥವಾ ಇಲ್ಲ ಅಂತ ಒಂದಕ್ಷರದ ಉತ್ತರ, ಅಷ್ಟೇ. ಹೊರಗಿನವರಾದರೆ ಸ್ಕಾಟ್ಲೆಂಡ್, ಐರ್ಲೆಂಡ್, ಪರದೇಶ ಎಂದು ಇನ್ನೊಂದು ಗುರುತು. ಆ ವರ್ಷದ ‘ಎನ್’ ಅಂದರೆ ‘ನೋ’, ಬೇರೆ ಕೌಂಟಿಯವರು ಅಂತ. ಅದನ್ನು ಎನ್.ಕೆ. ಜೊತೆ ಬೆರೆಸಿಕೊಳ್ಳಬಾರದು. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಮತ್ತು ಕೌಂಟಿ ಎರಡನ್ನೂ ಕೇಳಲು ಶುರುವಾದದ್ದು 1851ರಲ್ಲಿ. ಐರ್ಲೆಂಡಿನಲ್ಲಿ ಹುಟ್ಟಿದವರಿಗೆ ಆಗಲೂ ದೇಶದ ಹೆಸರೇ ಸಾಕಾಗಿತ್ತು. ಅವರ ಮೊಮ್ಮಕ್ಕಳ ಮಕ್ಕಳು ಇವತ್ತಿಗೂ ಪರದಾಡುತ್ತಿರುವುದು ಇದೇ ಕಾರಣಕ್ಕೆ.

ಎನ್.ಕೆ.ಗಿಂತ ಜಾಸ್ತಿ ತಲೆ ತಿನ್ನುವುದು ಇನ್ನೊಂದಿದೆ. ಒಬ್ಬಳೇ ಹೆಂಗಸು, ಹತ್ತು ವರ್ಷಕ್ಕೊಮ್ಮೆ ಬೇರೆ ಬೇರೆ ಹುಟ್ಟೂರು! ಹೀಗಾಗಲು ಕಾರಣಗಳು ಹಲವು. ಸಣ್ಣ ಹಳ್ಳಿಯ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ ಹತ್ತಿರದ ಪೇಟೆಯ ಹೆಸರು ಹೇಳುತ್ತಿದ್ದರು. ನಾವೂ ದೂರದವರು ಕೇಳಿದರೆ ಹಾಗೇ ಹೇಳುತ್ತೇವೆ, ಅಲ್ವಾ? ಇನ್ನು ಕೆಲವರು ಬುದ್ಧಿ ಬಂದಾಗಿನಿಂದ ಬೆಳೆದ ಊರನ್ನೇ ಹುಟ್ಟೂರು ಎಂದು ನಂಬಿದ್ದರು. ಕೆಲವರು ಬೇಕಂತಲೇ ಮರೆಮಾಚಿದರು. ಬಡವರಿಗೆ ನೆರವು ಕೊಡುವ ಹೊಣೆ ಅವರು ಸೇರಿದ ಪ್ಯಾರಿಷ್‌ನದು ಎಂಬ ಕಾನೂನಿತ್ತು. ಬೇರೆ ಊರಿನವರು ಅಂತ ಗೊತ್ತಾದರೆ ಅಲ್ಲಿಗೆ ವಾಪಸ್ ಕಳಿಸಿಬಿಟ್ಟಾರು ಎಂಬ ಹೆದರಿಕೆಯಲ್ಲಿ ‘ಇದೇ ಊರು’ ಅಂದವರನ್ನು ಸುಳ್ಳುಗಾರರು ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಗಣತಿದಾರನ ಕಿವಿಯೂ ಒಂದು ಕಾರಣ. ‘ಹ’ಕಾರ ಬಿಟ್ಟು ಮಾತಾಡುವವರು ಹಾಲ್ಟನ್ ಅಂದರೆ ಇವನು ಆಲ್ಟನ್ ಅಂತ ಬರೆದುಕೊಂಡಾನು. ಆ ಎರಡು ಹೆಸರಿನ ಊರುಗಳೂ ಇಂಗ್ಲೆಂಡಿನಲ್ಲಿವೆ. ಕೆಲವು ಕಡೆ ಊರು ಇದ್ದಲ್ಲೇ ಇದ್ದು ಗಡಿಯೇ ಸರಿಯಿತು. 1889ರಲ್ಲಿ ಲಂಡನ್ ಕೌಂಟಿ ಆಯಿತು. ಅದಕ್ಕೆ ಮುಂಚೆ ಗ್ರೀನಿಚ್ ಕೆಂಟ್‌ಗೆ ಸೇರಿತ್ತು, ಸದಕ್ ಸರ್ರಿಗೆ ಸೇರಿತ್ತು. 1881ರಲ್ಲಿ ‘ಗ್ರೀನಿಚ್, ಕೆಂಟ್’ ಎಂದಿದ್ದವನು 1901ರಲ್ಲಿ ‘ಗ್ರೀನಿಚ್, ಲಂಡನ್’ ಎಂದರೆ ಅದರಲ್ಲಿ ಗೊಂದಲವೇ ಇಲ್ಲ.

ಹಾಗಾದರೆ ಯಾವುದನ್ನು ನಂಬುವುದು? ಮೊದಲು ಆ ವ್ಯಕ್ತಿಯನ್ನು ಸಿಗುವ ಎಲ್ಲ ಗಣತಿಗಳಲ್ಲೂ ಹುಡುಕಿ, ಹುಟ್ಟೂರುಗಳನ್ನು ವರ್ಷದ ಸಮೇತ ಒಂದೆಡೆ ಬರೆದುಕೊಳ್ಳಿ. ಚಿಕ್ಕ ವಯಸ್ಸಿನಲ್ಲಿ, ಹೆತ್ತವರ ಮನೆಯಲ್ಲಿದ್ದಾಗ ದಾಖಲಾದದ್ದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಮಗು ಎಲ್ಲಿ ಹುಟ್ಟಿತು ಅನ್ನುವುದು ಹೆತ್ತ ತಾಯಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅಣ್ಣ, ತಂಗಿಯರ ಹುಟ್ಟೂರುಗಳನ್ನೂ ವಯಸ್ಸಿನ ಕ್ರಮದಲ್ಲಿ ಜೋಡಿಸಿ. ಸಂಸಾರ ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ದಾರಿ ಕಾಣುತ್ತದೆ. ನಡುವಿನ ಮಗುವಿನ ಮುಂದೆ ಎನ್.ಕೆ. ಇದ್ದರೂ ಹಿಂದುಮುಂದಿನ ಮಕ್ಕಳು ದಾರಿ ತೋರಿಸುತ್ತಾರೆ. ಇಷ್ಟೆಲ್ಲ ಮಾಡುವಾಗ ಟೈಪ್ ಮಾಡಿದ ಸೂಚಿಯನ್ನು ಮಾತ್ರ ನಂಬಬೇಡಿ, ಮೂಲ ಪುಟದ ಚಿತ್ರವನ್ನೇ ನೋಡಿ. ‘ಮೇಲಿನಂತೆ’ ಎಂದು ಸೂಚಿಸುವ ‘ಡಿಟ್ಟೊ’ ಗುರುತನ್ನು ತಪ್ಪು ಸಾಲಿಗೆ ಹೊಂದಿಸಿದ್ದರಿಂದ ಕೌಂಟಿಯೇ ಬದಲಾಗಿರಬಹುದು.

ನಂತರ ಗಣತಿಯಿಂದ ಆಚೆ ಬರಬೇಕು. 1837ರ ಜುಲೈ 1ರಿಂದ ಸರ್ಕಾರಿ ಜನನ ನೋಂದಣಿ ಶುರುವಾಯಿತು. ಜನನ ಪತ್ರದಲ್ಲಿ ಹುಟ್ಟಿದ ಜಾಗ ಸ್ಪಷ್ಟವಾಗಿ ಇರುತ್ತದೆ. ಆದರೆ 1875ಕ್ಕೆ ಮುಂಚೆ ಕಾನೂನು ಸಡಿಲವಾಗಿದ್ದರಿಂದ ಎಷ್ಟೋ ಮಕ್ಕಳು ಬಿಟ್ಟುಹೋಗಿದ್ದಾರೆ. ಅವರಿಗೆ ಚರ್ಚಿನ ಬ್ಯಾಪ್ಟಿಸಂ (ದೀಕ್ಷಾಸ್ನಾನ) ಪುಸ್ತಕವೇ ಗತಿ. ಮರಣ ಪತ್ರದಲ್ಲಿ ಹುಟ್ಟೂರು ಬರೆಯಲು ಶುರುವಾದದ್ದು 1969ರಲ್ಲಿ, ಹಾಗಾಗಿ ಹಳಬರ ವಿಷಯದಲ್ಲಿ ಅದರಿಂದ ಉಪಯೋಗವಿಲ್ಲ. ಸೈನಿಕರಾಗಿದ್ದರೆ ಸೇರ್ಪಡೆ ಪತ್ರ ನೋಡಿ, ಹುಟ್ಟಿದ ಪ್ಯಾರಿಷ್ ಅದರಲ್ಲಿರುತ್ತದೆ.

ಸೈನಿಕರ ಮಾತು ಬಂದರೆ ನಮ್ಮ ಊರುಗಳೂ ಬರುತ್ತವೆ. ಇಲ್ಲಿ ಹುಟ್ಟಿ ಅಲ್ಲಿಗೆ ಮರಳಿದ ಮಕ್ಕಳ ಮುಂದೆ ಆ ಗಣತಿಗಳಲ್ಲಿ ‘ಈಸ್ಟ್ ಇಂಡೀಸ್’ ಅಂತಲೋ ‘ಇಂಡಿಯಾ’ ಅಂತಲೋ ಸುಮ್ನೆ ಬರೆದು ಮುಗಿಸಿದ್ದು ಉಂಟು. ಆಗ ತಂದೆಯ ರೆಜಿಮೆಂಟ್ ಯಾವುದು, ಆ ವರ್ಷ ಅದು ಎಲ್ಲಿ ಬೀಡುಬಿಟ್ಟಿತ್ತು ಎಂದು ಹುಡುಕಬೇಕು. ಬ್ಯಾಪ್ಟಿಸಂ ವಿವರಗಳನ್ನು ಪ್ರೆಸಿಡೆನ್ಸಿವಾರು ನಕಲು ಮಾಡಿ ಲಂಡನ್ನಿಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರಿನ ದಂಡು, ಬಳ್ಳಾರಿ ಬೇಕಾದರೆ ಮದ್ರಾಸಿನ ಪುಸ್ತಕ ತೆಗೆಯಬೇಕು. ಬೆಳಗಾವಿಗೆ ಬೊಂಬಾಯಿಯದು.

ಹೆಸರುಗಳ ವಿಷಯದಲ್ಲಿ ಕನ್ನಡಿಗರು ಅಲ್ಲಿನವರಿಗೆ ನಿಜಕ್ಕೂ ನೆರವಾಗಬಹುದು. ‘ಹರ್ರಿಹರ್’ ಅಂದರೆ ಹರಿಹರ, ‘ಮರ್ಕೇರಾ’ ಅಂದರೆ ಮಡಿಕೇರಿ ಅಂತ ನಮಗೆ ತಕ್ಷಣ ಹೊಳೆಯುತ್ತದೆ. ಹುಟ್ಟೂರು ‘ಫ್ರೆಂಚ್ ರಾಕ್ಸ್’ ಎಂದು ಕಂಡರೆ ಫ್ರಾನ್ಸಿನಲ್ಲಿ ಹುಡುಕಬೇಕಾಗಿಲ್ಲ. ಅದು ಮಂಡ್ಯ ಜಿಲ್ಲೆಯ ಹಿರೋಡೆ, ಇವತ್ತಿನ ಪಾಂಡವಪುರ.